ಆಷಾಢಕ್ಕೆ ತವರಿಗೆ: ಶಿವಮೊಗ್ಗ, ಮೇಗರವಳ್ಳಿ ಮತ್ತು 14 ತಿರುವು

ಸೋಮವಾರ

“ಮೇಡಂ, ಶಿವಮೊಗ್ಗಕ್ಕೆ ಫಸ್ಟ್ ಟೈಮಾ?”

ಬೆಳಗಿನ ಐದೂವರೆ. ಹೋಟೆಲ್ ಕೌಂಟರಿನ ಹುಡುಗ ನಿದ್ದೆಗಣ್ಣಲ್ಲೂ ಚೆಂದ ನಗುತ್ತಿದ್ದ. ಹೌದು ಅಂದರೆ ಸುಳ್ಳು. ಅಲ್ಲ ಅಂದರೆ ಇಲ್ಲೇ ಹುಟ್ಟಿ ಬೆಳೆದವಳು ಇಲ್ಲಿ ಯಾಕೆ ರೂಮು ಮಾಡಿದ್ದೀನಿ ಅಂತ ವಿವರಿಸಬೇಕು. ಸುಮ್ನೆ ನಕ್ಕೆ. ಅವನು ಕೀ ಕಾರ್ಡಿನ ಜೊತೆ ಒಂದು ಬಣ್ಣದ ಹಾಳೆ ಕೊಟ್ಟ. ಜೋಗ, ಸಕ್ರೆಬೈಲು ಆನೆ ಬಿಡಾರ, ಆಗುಂಬೆ. ಆಗುಂಬೆಯ ಕೆಳಗೆ ‘ಸೂರ್ಯಾಸ್ತ ನೋಡಲು ಮರೆಯದಿರಿ’ ಅಂತಿತ್ತು. ಜುಲೈ ತಿಂಗಳಲ್ಲಿ ಆಗುಂಬೆಯಲ್ಲಿ ಸೂರ್ಯ! ನಮ್ಮನೆ ಇರೋದು ಆಗುಂಬೆಗಿಂತ ಸ್ವಲ್ಪ ಈಚೆ, ಮೇಗರವಳ್ಳಿ ಹತ್ತಿರ. ಆ ತಿಂಗಳಲ್ಲಿ ಸೂರ್ಯ ಕಂಡರೆ ಅಮ್ಮ ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೀತಾಳೆ, ಒದ್ದೆ ಬಟ್ಟೆ ಹೊರಗೆ ಹಾಕಿ ಅಂತ.

ರೈಲಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬೆಂಗಳೂರಲ್ಲಿ ರಾತ್ರಿ ಹತ್ತಿದರೆ ಬೆಳಗಿನ ಜಾವ ಶಿವಮೊಗ್ಗ ಮುಟ್ಟಿಸುವ ತಾಳಗುಪ್ಪ ಗಾಡಿ. ಅಲಾರಂ ಇಟ್ಟೇ ಮಲಗಿ, ಇಲ್ಲಾಂದ್ರೆ ಸಾಗರದಲ್ಲಿ ಕಣ್ಣು ಬಿಡ್ತೀರಿ.

ನನ್ನ ಕೆಲಸ ಕಂಪನಿಗಳಿಗೆ ಹೋಗಿ ತರಬೇತಿ ಕೊಡೋದು. ಹದಿನಾರು ವರ್ಷ ಆಯ್ತು. ತಂಡದಲ್ಲಿ ಹೇಗೆ ಮಾತಾಡಬೇಕು, ಜಗಳ ಹೇಗೆ ಬಿಡಿಸಬೇಕು, ಕೆಳಗಿನವರಿಗೆ ಹೇಗೆ ಹೇಳಬೇಕು, ಇಂಥವು. ತಿಂಗಳ ಅರ್ಧದಷ್ಟು ದಿನ ಪುಣೆ, ಚೆನ್ನೈ, ಗುರುಗ್ರಾಮ ಅಂತ ಓಡಾಟ. ಕಳೆದ ವರ್ಷ ಎಣಿಸಿದ್ದೆ, 141 ರಾತ್ರಿ ಹೋಟೆಲಲ್ಲಿ ಮಲಗಿದ್ದೀನಿ. ಮಗಳು ಫ್ರಿಜ್ ಮೇಲೊಂದು ಪುಟ್ಟ ಬೋರ್ಡ್ ಅಂಟಿಸಿದ್ದಾಳೆ. ‘ಅಮ್ಮ: ಪುಣೆ’, ‘ಅಮ್ಮ: ಕೊಯಮತ್ತೂರು’ ಅಂತ ಬರೀತಾಳೆ. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವಾಗ ಬಾಗಿಲು ಎಡಕ್ಕಾ ಬಲಕ್ಕಾ ಅಂತ ಗೋಡೆ ತಡವರಿಸೋದು ನನ್ನ ವೃತ್ತಿಯ ಕಾಯಿಲೆ. ನಮ್ಮ ಸ್ವಂತ ಫ್ಲಾಟಲ್ಲೂ ಹಾಗೇ ತಡವರಿಸಿ ಒಂದ್ಸಲ ಬೀರುವಿಗೆ ಹಣೆ ಚಚ್ಚಿಕೊಂಡಿದ್ದೀನಿ.

ಅಂಥವಳಿಗೆ ಈ ಸಲ ಬಂದ ಇಮೇಲಿನಲ್ಲಿ ‘ಸ್ಥಳ: ಶಿವಮೊಗ್ಗ’ ಅಂತಿತ್ತು. ಎರಡು ದಿನ ಕೆಲಸ, ಆಮೇಲೆ ಮೂರು ದಿನ ರಜೆ ಹಾಕಿದೆ. ತವರು ಇಲ್ಲಿಂದ ಎಂಬತ್ತು ಕಿಲೋಮೀಟರ್ ಕೂಡ ಇಲ್ಲ.

ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆ. ಭದ್ರಾವತಿ ರಸ್ತೆಯಲ್ಲಿ ಇಂಥವು ಸಾಲಾಗಿವೆ. ಇಪ್ಪತ್ನಾಲ್ಕು ಜನ ಶಿಫ್ಟ್ ಸೂಪರ್‌ವೈಸರುಗಳು ಕೈ ಕಟ್ಟಿ ಕೂತಿದ್ದರು. ಇಂಗ್ಲಿಷ್ ನಡೆಯುತ್ತೆ ಅಂತ ಆಫೀಸಿನವರು ಹೇಳಿದ್ದರು. ಹತ್ತು ಗಂಟೆಯೊಳಗೆ ನಡೆಯಲ್ಲ ಅಂತ ಗೊತ್ತಾಯ್ತು. ‘ಆ್ಯಕ್ಟಿವ್ ಲಿಸನಿಂಗ್’ ಅಂತ ಸ್ಲೈಡ್ ಹಾಕಿದೆ. ಹಿಂದಿನ ಸಾಲಿನ ನರೆಮೀಸೆಯ ಒಬ್ಬರು ಕೈ ಎತ್ತಿದರು.

“ಮೇಡಂ, ನಮ್ಮ ಶೆಡ್ಡಲ್ಲಿ ಕೇಳ್ಸೋದೇ ಇಲ್ಲ. ಫರ್ನೇಸ್ ಆನಾದ್ರೆ ಪಕ್ಕದವನ ಮಾತೂ ಕೇಳಲ್ಲ.”

“ಹಂಗಾದ್ರೆ ಹೆಂಗೆ ಮಾತಾಡ್ತೀರಿ?”

ಅವರು ಎದ್ದು ನಿಂತರು. ಮುಂಗೈ ನೆಟ್ಟಗೆ ಎತ್ತಿ, ತೋರುಬೆರಳು ಮೇಲಕ್ಕೆ ಮಾಡಿ, ಸಣ್ಣಗೆ ಸುತ್ತಿಸಿದರು. “ಇದು ಎತ್ತು.” ಕೈ ಕೆಳಗೆ ಚಾಚಿ, ಬೆರಳು ನೆಲಕ್ಕೆ ಮಾಡಿ ಸುತ್ತಿಸಿದರು. “ಇಳಿಸು.” ಅಂಗೈ ಕೆಳಮುಖ ಮಾಡಿ ಆ ಕಡೆ ಈ ಕಡೆ ಬೀಸಿದರು. “ನಿಲ್ಸು.” ಕ್ರೇನಿಗೆ ನೇತುಹಾಕಿದ ಕೊಪ್ಪರಿಗೆಯಲ್ಲಿ ಸುಮಾರು 1,400 ಡಿಗ್ರಿ ಕಾದ ಕಬ್ಬಿಣದ ನೀರು ತೂಗಾಡುವಾಗ ಮಾತಾಡೋದು ಈ ಬೆರಳೇ. “ಅಲ್ಲಿ ಐ ಅಂಡರ್‌ಸ್ಟ್ಯಾಂಡ್ ಯುವರ್ ಪಾಯಿಂಟ್ ಅಂತ ಹೇಳ್ಕೊಂಡು ಕೂರಕ್ಕಾಗಲ್ಲ ಮೇಡಂ.”

ಎಲ್ಲರೂ ನಕ್ಕರು. ಕಟ್ಟಿದ ಕೈಗಳು ಬಿಚ್ಚಿಕೊಂಡವು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಹದಿನಾರು ವರ್ಷದಲ್ಲಿ ಮೊದಲ ಸಲ ಇಡೀ ದಿನ ಕನ್ನಡದಲ್ಲಿ ಪಾಠ ಮಾಡಿದೆ. ಸುಲಭ ಆಗಲಿಲ್ಲ. ಕನಸು ಕಾಣೋದು, ಬೈಯೋದು ಎಲ್ಲ ಕನ್ನಡದಲ್ಲೇ, ಆದರೆ ಕೆಲಸದ ಮಾತಿಗೆ ಬಂದರೆ ನಾಲಿಗೆ ಇಂಗ್ಲಿಷ್ ಹುಡುಕುತ್ತೆ. ಫೀಡ್‌ಬ್ಯಾಕಿಗೆ ಏನು ಹೇಳೋದು ಅಂತ ತಡವರಿಸಿದಾಗ ಅವರೇ ಕೊಟ್ಟರು: “ಹೇಳಿ ಸರಿ ಮಾಡೋದು, ಅಷ್ಟೇ ಅಲ್ವಾ?”

ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ತುಂಗೆ ನೋಡಲು ಕೋರ್ಪಲಯ್ಯನ ಛತ್ರದ ಹತ್ತಿರ ಹೋದೆ. ಹೊಳೆಯೊಳಗಿನ ಕಲ್ಲುಮಂಟಪವೇ ಶಿವಮೊಗ್ಗದವರ ಅಳತೆಗೋಲು. ಮಂಟಪ ಮುಳುಗಿತು ಅಂದರೆ ಮಳೆಗಾಲ ಸರಿಯಾಗಿ ಬಂತು ಅಂತ ಲೆಕ್ಕ. ದಂಡೆಯಲ್ಲಿ ಕೊಡೆ ಹಿಡಿದು ನಲವತ್ತೈವತ್ತು ಜನ ನಿಂತಿದ್ದರು. ನೀರಿನ ಬಣ್ಣ ಗಟ್ಟಿ ಚಹಾದ್ದು. “ಇನ್ನೂ ಒಂದಡಿ ಇದೆ ನೋಡಿ, ಗಾಜನೂರು ಡ್ಯಾಮಲ್ಲಿ ಗೇಟು ಇನ್ನೊಂಚೂರು ಎತ್ತಿದ್ರೆ ರಾತ್ರಿಗೇ ಹೋಗುತ್ತೆ” ಅಂದರು ಪಕ್ಕದವರೊಬ್ಬರು, ನನ್ನ ಕಡೆ ತಿರುಗದೆ, ಮನೆಯವರ ಹತ್ತಿರ ಹೇಳುವ ಹಾಗೆ. ಹತ್ತು ನಿಮಿಷ ನಾನೂ ಆ ಒಂದಡಿಯನ್ನು ಕಾದೆ. ಬರುವಾಗ ಗಾಂಧಿ ಬಜಾರಿನ ಕಡೆ ಗಾಡಿಯೊಂದರಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದೆ. ಮಂಡಕ್ಕಿ ಕಲಸಿದ ಕೂಡಲೇ ನಿಂತಲ್ಲೇ ತಿನ್ನಬೇಕು. ರೂಮಿಗೆ ಕಟ್ಟಿಸಿಕೊಂಡು ಹೋದರೆ ಈ ಹವೆಗೆ ಐದೇ ನಿಮಿಷದಲ್ಲಿ ಮೆತ್ತಗಾಗುತ್ತೆ.

ರಾತ್ರಿ ಅಮ್ಮನ ಫೋನು. “ಶಿವಮೊಗ್ಗದಲ್ಲೇ ಇದ್ದು ಹೋಟ್ಲಲ್ಲಿ ಮಲಗ್ತೀಯನೇ?” ಬೆಳಿಗ್ಗೆ ಒಂಬತ್ತಕ್ಕೆ ಕೆಲಸ ಅಂತ ಹೇಳಿದೆ. “ಹೌದು ಬಿಡು” ಅಂದಳು. ಅಮ್ಮ ‘ಹೌದು ಬಿಡು’ ಅಂದರೆ ಒಪ್ಪಿಕೊಂಡಳು ಅಂತ ಅಲ್ಲ.

ಮಂಗಳವಾರ

ಎರಡನೇ ದಿನ ಬೇಗ ಕಳೆಯಿತು. ಕೊನೆಗೆ ಎಲ್ಲರೂ ಅಭಿಪ್ರಾಯದ ಫಾರಂ ತುಂಬಿಕೊಟ್ಟರು. ಐದಕ್ಕೆ ಎಷ್ಟು ಅಂಕ ಅಂತ. ನಮ್ಮ ಕಸುಬಿನಲ್ಲಿ ಕಿರ್ಕ್‌ಪ್ಯಾಟ್ರಿಕ್ ಅಂತ ಒಬ್ಬರಿದ್ದರು. ತರಬೇತಿ ಸಾರ್ಥಕ ಆಯ್ತಾ ಅಂತ ನೋಡಲು 1959ರಲ್ಲೇ ನಾಲ್ಕು ಮೆಟ್ಟಿಲು ಹೇಳಿದರು: ಜನಕ್ಕೆ ಇಷ್ಟ ಆಯ್ತಾ, ಏನಾದರೂ ಕಲಿತರಾ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರಾ, ಅದರಿಂದ ಫಲ ಬಂತಾ. ನಾನು ಕಂಡ ಕಂಪನಿಗಳಲ್ಲಿ ಹೆಚ್ಚಿನವು ಮೊದಲ ಮೆಟ್ಟಿಲಲ್ಲೇ ನಿಂತು ಕಾಫಿ ಕುಡಿದು ಹೋಗ್ತವೆ. ನಾಲ್ಕೂಮುಕ್ಕಾಲು ಬಂದರೆ ಖುಷಿ, ಮತ್ತೆ ಕರೀತಾರೆ. ಆರು ತಿಂಗಳಾದ ಮೇಲೆ ಏನಾಯ್ತು ಅಂತ ನನಗೆ ಗೊತ್ತಾಗೋದೇ ಇಲ್ಲ. ಅಷ್ಟರಲ್ಲಿ ನಾನು ಇನ್ನೆಲ್ಲೋ ಇರ್ತೀನಿ.

ನರೆಮೀಸೆಯವರು ಹೋಗುವಾಗ ಬಾಗಿಲಲ್ಲಿ ನಿಂತು ಬೆರಳು ಮೇಲೆ ಮಾಡಿ ಸುತ್ತಿಸಿದರು. ಏಳಿ, ಸಾಕು ಕೂತಿದ್ದು ಅಂತ.

ರಾತ್ರಿ ಮಂಟಪ ಮುಳುಗಿತು ಅಂತ ಹೋಟೆಲ್ ಹುಡುಗ ಹೇಳಿದ. ಅಯ್ಯೋ, ನಾನಿರಬೇಕಿತ್ತು ಅನ್ನಿಸಿತು.

ಬುಧವಾರ

ಅಣ್ಣ ಕಾರು ತರ್ತೀನಿ ಅಂದಿದ್ದ. ಬೇಡ ಅಂದೆ. ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯನ್ನು ಮಳೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಬೇಕು, ಅದೂ ಎಡಗಡೆ ಸೀಟಿನಿಂದ. ಹೊಳೆ ಆ ಕಡೆ ಬರುತ್ತೆ. ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ಇರ್ತವೆ, ಕಾಯೋದೇ ಬೇಡ. ಆದರೆ ಕಿಟಕಿಯ ಗಾಜು ಸರಿಯಾಗಿ ಮುಚ್ಚುತ್ತಾ ಅಂತ ಕೂರುವ ಮೊದಲೇ ಎಳೆದು ನೋಡಿ. ನಾನು ನೋಡಲಿಲ್ಲ. ಗಾಜನೂರು ದಾಟುವಷ್ಟರಲ್ಲಿ ಎಡತೋಳು ಪೂರ್ತಿ ಒದ್ದೆ.

ಸಕ್ರೆಬೈಲು ಕಳೆದ ಮೇಲೆ ಕಾಡು ರಸ್ತೆಗೆ ಬಗ್ಗುತ್ತೆ. ಮಂಡಗದ್ದೆ ಹತ್ತಿರ ಬಸ್ಸಿನ ವೈಪರ್ ಒಂದೆರಡು ಸಲ ನರಳಿ ನಿಂತೇ ಹೋಯ್ತು. ಡ್ರೈವರ್ ಬೈಯಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಕಂಡಕ್ಟರ್ ಕಡೆ ಕೈ ಚಾಚಿದರು. ಕಂಡಕ್ಟರ್ ಹಿಂದಿನ ಸೀಟಿನ ಅಜ್ಜರೊಬ್ಬರ ಕಡೆ ಕೈ ಚಾಚಿದ. ಅಜ್ಜ ಸೊಂಟದ ಸಂಚಿಯಿಂದ ಒಂದೆಸಳು ಹೊಗೆಸೊಪ್ಪು ತೆಗೆದು ಕೊಟ್ಟರು. ಅದನ್ನು ಒದ್ದೆ ಮಾಡಿ ಮುಂದಿನ ಗಾಜಿಗೆ ಗಸಗಸ ತಿಕ್ಕಿದರು. ಹೊಗೆಸೊಪ್ಪು ತಿಕ್ಕಿದ ಗಾಜಿನ ಮೇಲೆ ಹನಿ ನಿಲ್ಲೋದಿಲ್ಲ, ಹಾಳೆಯ ಹಾಗೆ ಜಾರಿ ಇಳಿಯುತ್ತೆ. “ತೀರ್ಥಹಳ್ಳಿವರೆಗೆ ಸಾಕು” ಅಂದರು ಡ್ರೈವರ್.

ಅದಕ್ಕೆ ಬಸ್ಸು ನಿಂತ ಹದಿನೈದು ನಿಮಿಷದಲ್ಲಿ ಎಲ್ಲರೂ ಇಳಿದು ಚಹಾ ಕುಡಿದೆವು. ಹೊಳೆಯ ನಡುಗಡ್ಡೆಯ ಮರಗಳು ಸೊಂಟದವರೆಗೆ ನೀರಲ್ಲಿದ್ದವು. ಮೇಲೆ ಬೆಳ್ಳಕ್ಕಿಗಳು ಬಟ್ಟೆ ಒಣಹಾಕಿದ ಹಾಗೆ. ಪ್ರತಿ ವರ್ಷ ಮಳೆಗಾಲಕ್ಕೆ ಬಂದು ಇಲ್ಲೇ ಗೂಡು ಕಟ್ಟುತ್ತವೆ. ಇಡೀ ಕೊಂಬೆ ಅಲುಗಾಡುತ್ತಿತ್ತು, ಹಕ್ಕಿ ಮಾತ್ರ ಕದಲಲಿಲ್ಲ. ಪಕ್ಕದಲ್ಲಿ ಹಲಸಿನ ಹಪ್ಪಳದ ಕಟ್ಟು ಹಿಡಿದ ಅಮ್ಮ ಒಬ್ಬರು ನಿಂತಿದ್ದರು.

“ಎಲ್ಲಿಗೆ ಹೋಗೋದು?”

“ಮೇಗರವಳ್ಳಿ. ತವರು.”

ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಆಷಾಢಕ್ಕೆ ಬಂದದ್ದಾ?” ಅಂತ ಬಾಯಿಗೆ ಸೆರಗು ಹಿಡಿದು ನಕ್ಕರು. ಆಷಾಢದಲ್ಲಿ ತವರಿಗೆ ಬರೋದು ಹೊಸ ಮದುಮಗಳು. ನನಗೆ ನಲವತ್ಮೂರು. ಮದುವೆಯಾಗಿ ಹದಿನೆಂಟು ವರ್ಷ. “ಹೌದು, ಅತ್ತೆ ಮುಖ ನೋಡಬಾರದಂತೆ” ಅಂದೆ. ಎರಡು ಕಟ್ಟು ಹಪ್ಪಳ ಕೊಂಡೆ, ಅವರು ಐದು ರೂಪಾಯಿ ಬಿಟ್ಟರು.

ತೀರ್ಥಹಳ್ಳಿಯಲ್ಲಿ ಹೊಳೆ ಇನ್ನೂ ಜೋರು. ರಾಮಮಂಟಪದ ತುದಿ ಅಷ್ಟೇ ಕಾಣುತ್ತಿತ್ತು. ಬಸ್ ಬದಲಾಯಿಸಿ ಮೇಗರವಳ್ಳಿಯಲ್ಲಿ ಇಳಿದೆ. ಅಣ್ಣ ಓಮ್ನಿ ತಂದು ನಿಲ್ಲಿಸಿದ್ದ. ಗದ್ದೆಗಳಲ್ಲಿ ನಟ್ಟಿ ನಡೆದಿತ್ತು. ನಾನು ಚಿಕ್ಕವಳಿದ್ದಾಗ ನಟ್ಟಿಯವರ ಬೆನ್ನ ಮೇಲೆ ಎಲೆ ಹೆಣೆದ ಗೊರಬು ಇರ್ತಿತ್ತು, ದೂರದಿಂದ ನೋಡಿದರೆ ಆಮೆಗಳ ಸಾಲು. ಈಗ ನೀಲಿ, ಹಳದಿ ಪ್ಲಾಸ್ಟಿಕ್. ಚೆಂದ ಇಲ್ಲ ಅಂತ ಅಂದೆ. “ಹೊತ್ತು ನೋಡು, ಗೊತ್ತಾಗ್ತದೆ” ಅಂದ ಅಣ್ಣ. ಸರಿಯೇ. ಬೆನ್ನು ಅವರದ್ದು, ಚೆಂದ ನನ್ನದು.

ಮನೆಯಲ್ಲಿ ಅತ್ತಿಗೆ ಬಾಗಿಲಲ್ಲೇ ಬಿಸಿನೀರು ಕೊಟ್ಟರು, ಹೊಸ ಟವೆಲ್ ಕೊಟ್ಟರು. ಮಧ್ಯಾಹ್ನಕ್ಕೆ ಕಡುಬು, ಕೋಳಿ ಸಾರು. ಅಕ್ಕಿ ತರಿಯ ಬಿಸಿ ಬಿಸಿ ಉಂಡೆ ಮುರಿದು, ಸಾರಲ್ಲಿ ಅದ್ದಿ ತಿಂದರೆ ಮೂಗು, ಕಣ್ಣು ಎಲ್ಲ ಸುರಿಯುತ್ತೆ. ಎಷ್ಟೋ ಹೋಟೆಲಿನ ಬಫೆಯ ಮುಂದೆ ಪ್ಲೇಟ್ ಹಿಡಿದು ನಿಂತಾಗ ನೆನಪಾಗಿದ್ದು ಇದೇ. ಐದು ತಿಂದೆ. ಆಮೇಲೆ ಕಾಫಿ ಬಂತು. ಲೋಟ ನೋಡಿದೆ. ಅಂಚಿಗೆ ಹೂವಿನ ಗೆರೆ ಇರುವ ಪಿಂಗಾಣಿ ಲೋಟ. ಅದು ನೆಂಟರದ್ದು. ಶೋಕೇಸಿನಿಂದ ಕೆಳಗಿಳಿಸಿ ತೊಳೆದು ಕೊಡೋದು. ಅಮ್ಮ, ಅಣ್ಣ, ಅತ್ತಿಗೆ ಎಲ್ಲ ಸ್ಟೀಲ್ ಲೋಟದಲ್ಲಿ ಕುಡೀತಿದ್ದರು.

ಪಾತ್ರೆ ತೊಳೆಯೋಣ ಅಂತ ಎದ್ದೆ. “ನೀನು ಕೂತ್ಕ ಮಾರಾಯ್ತಿ, ಅಪರೂಪಕ್ಕೆ ಬಂದದ್ದು” ಅಂದರು ಅತ್ತಿಗೆ. ಪ್ರೀತಿಯಿಂದಲೇ ಹೇಳಿದ್ದು. ಸಂಜೆ ಹೇಗೋ ಅಡುಗೆಮನೆಗೆ ನುಗ್ಗಿ ಒಗ್ಗರಣೆ ಹಾಕಲು ಹೊರಟೆ. ಕೈ ತಾನೇ ಎಡಗಡೆ ಗೂಡಿಗೆ ಹೋಯ್ತು. ಸಾಸಿವೆ ಡಬ್ಬಿ ಅಲ್ಲಿರಲಿಲ್ಲ. ಅಲ್ಲಿ ಈಗ ಇನ್ವರ್ಟರಿನ ಸ್ವಿಚ್ಚು. ಎಣ್ಣೆ ಕಾದು ಹೊಗೆ ಬಂತು, ನಾನಿನ್ನೂ ಡಬ್ಬಿ ಹುಡುಕುತ್ತಿದ್ದೆ. ಅತ್ತಿಗೆ ಬಂದು ಒಂದೇ ಕೈಯಲ್ಲಿ ಒಲೆ ಸಣ್ಣ ಮಾಡಿ, ಇನ್ನೊಂದರಲ್ಲಿ ಸಾಸಿವೆ ತೆಗೆದರು. ಏನೂ ಹೇಳಲಿಲ್ಲ. ನಾನು ಜಗಲಿಗೆ ಹೋಗಿ ಕೂತೆ.

ಮಲಗಲು ಮಾಳಿಗೆ ಕೋಣೆ. ಹೊಸ ಬೆಡ್‌ಶೀಟು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಮಂಚದ ಪಕ್ಕ ನೀರಿನ ಬಾಟಲಿ, ಮೇಲೆ ಮುಚ್ಚಿದ ಲೋಟ. ಎರಡು ಬಿಸ್ಕೆಟ್ ಇಟ್ಟಿದ್ದರೆ ಥೇಟ್ ಹೋಟೆಲೇ.

ಗುರುವಾರ

ರಾತ್ರಿ ಕರೆಂಟು ಹೋದದ್ದು ಬರಲಿಲ್ಲ. ಅದರ ಹಿಂದೆ ಮೊಬೈಲ್ ನೆಟ್‌ವರ್ಕ್ ಹೋಯ್ತು. ಬೆಳಿಗ್ಗೆ ನಲ್ಲಿಯಲ್ಲಿ ನೀರೂ ನಿಂತಿತ್ತು.

ನಮ್ಮ ಕಡೆ ನೀರಿಗೆ ಕರೆಂಟು ಬೇಡ. ಮನೆ ಹಿಂದಿನ ಗುಡ್ಡದ ಅಬ್ಬಿಯಿಂದ ಪೈಪು ಎಳೆದಿರ್ತೀವಿ, ತಾನಾಗಿ ಹರಿದು ಬಂದು ಟ್ಯಾಂಕಿಗೆ ಬೀಳುತ್ತೆ. ಅಜ್ಜನ ಕಾಲದಲ್ಲಿ ಅಡಿಕೆ ಮರದ ದಂಬೆ ಇತ್ತು, ಆಮೇಲೆ ಕಪ್ಪು ಪೈಪು ಬಂತು. ಸೋಜಿಗ ಅಂದರೆ ನೀರು ನಿಲ್ಲೋದು ಬೇಸಿಗೆಯಲ್ಲಿ ಅಲ್ಲ, ಇಂಥ ಮಳೆಯಲ್ಲೇ. ಎಲೆ, ಕಸ, ಮರಳು ಬಂದು ಪೈಪಿನ ಬಾಯಿ ಕಟ್ಟುತ್ತೆ.

ಕೆಲಸಕ್ಕೆ ಬರುವವರು ನಟ್ಟಿಗೆ ಹೋಗಿದ್ದರು. ಅಣ್ಣ ಒಬ್ಬನೇ ಕತ್ತಿ ಹಿಡಿದು ಹೊರಟ. ನಾನೂ ಬರ್ತೀನಿ ಅಂದೆ. “ಜಾರ್ತದೆ, ಇಂಬಳ ಇದಾವೆ” ಅಂದ. ಇಂಬಳ ಅಂದರೆ ಜಿಗಣೆ. ಅತ್ತಿಗೆ “ಬೇಡ ಮಾರಾಯ್ತಿ” ಅಂದರು. ಅಮ್ಮ ಮಾತ್ರ ಒಳಗಿಂದ “ಹೋಗ್ಲಿ ಬಿಡು, ಅವಳಿಗೆ ದಾರಿ ಗೊತ್ತದೆ” ಅಂದಳು. ಅತ್ತಿಗೆಯ ಗಮ್‌ಬೂಟು ನನಗೆ ದೊಡ್ಡದಾಯ್ತು, ಅಣ್ಣನ ಮಗನ ಹಳೇ ಚಪ್ಪಲಿ ಹಾಕಿಕೊಂಡು ಕಾಲಿಗೆ ಉಪ್ಪು, ಸುಣ್ಣ ಸವರಿ ಹೊರಟೆ.

ತೋಟದ ಮೇಲ್ಗಡೆ ಅಣ್ಣ ಅಡಿಕೆ ಗೊನೆ ತೋರಿಸಿದ. ಕೆಲವು ಹಸಿರು ಕಾಯಿಗಳ ಮೇಲೆ ನೀರು ನೆಂದ ಹಾಗೆ ಕಲೆ. ಕೊಳೆ ರೋಗ ಶುರು. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು, ಬೋರ್ಡೋ ಔಷಧಿಯ ಈ ಲೆಕ್ಕ ನಮ್ಮೂರಲ್ಲಿ ಮಗ್ಗಿಗಿಂತ ಮೊದಲು ಬಾಯಿಪಾಠ. ಒಂದು ಸಲ ಹೊಡೆದಾಗಿದೆ. ಎರಡನೇ ಸಲಕ್ಕೆ ಮಳೆ ಅರ್ಧ ದಿನ ಹೊಳವಾಗಬೇಕು, ಮರ ಹತ್ತಿ ಹೊಡೆಯುವ ಕೊನೆಗಾರ ಸಿಗಬೇಕು. “ಎರಡೂ ಒಂದೇ ದಿನ ಸಿಗಲ್ಲ” ಅಂದ. ಅವನ ವರ್ಷದ ಫಾರಂ ತುಂಬೋದು ಆ ಅರ್ಧ ದಿನ.

ಗುಡ್ಡದಲ್ಲಿ ಪೈಪಿಗೆ ನಡುವೆ ಒಂದು ಕಡೆ ಜಾಯಿಂಟ್ ಇದೆ. ನನ್ನನ್ನು ಅಲ್ಲಿ ನಿಲ್ಲಿಸಿ ಅವನು ಅಬ್ಬಿ ಹತ್ತಿರ ಹತ್ತಿದ. ಮೇಲಿನ ಬಾಯಿ ಬಿಡಿಸಿ ನೀರು ಬಿಟ್ಟರೂ ಪೈಪಿನೊಳಗೆ ಗಾಳಿ ಹಿಡಿದಿದ್ದರೆ ಹರಿಯಲ್ಲ. ನಡುವಿನ ಜಾಯಿಂಟ್ ಬಿಚ್ಚಿ ಗಾಳಿ ಹೊರಗೆ ಬಿಡಬೇಕು. ನೀರು ತುಂಬಿ ಬಂದ ಮೇಲೆ ಅವನು ಬಾಯಿ ಮೇಲೆತ್ತಬೇಕು, ನಾನು ಜಾಯಿಂಟ್ ಸಿಕ್ಕಿಸಬೇಕು, ಅವನು ಮತ್ತೆ ಮುಳುಗಿಸಬೇಕು. ಮೊದಲೆಲ್ಲ ಇದಕ್ಕೆ ಕೂ ಹಾಕುತ್ತಿದ್ದೆವು. ಒಂದು ಕೂ ಅಂದರೆ ಎತ್ತು, ಎರಡು ಅಂದರೆ ಮುಳುಗಿಸು.

ಜಾಯಿಂಟ್ ಬಿಚ್ಚಿದೆ. ಪೈಪು ಒಂದ್ಸಲ ಕೆಮ್ಮಿತು. ಬುಸ್ ಅಂತ ಗಾಳಿ, ಕೆಸರು, ಆಮೇಲೆ ಟಪ್ ಅಂತ ಏನೋ ಹಾರಿ ಕಾಲ ಮೇಲೆ ಬಿತ್ತು. ಏಡಿ! ಹೆಬ್ಬೆರಳಿನಷ್ಟು. ಅದಕ್ಕೆ ನನಗಿಂತ ಜಾಸ್ತಿ ಗಾಬರಿ, ಎರಡೂ ಕೊಂಡಿ ಎತ್ತಿ ನಿಂತಿತು. ಅದರ ಹಿಂದೆ ತೋಳಿನಷ್ಟು ದಪ್ಪಕ್ಕೆ ನೀರು ನುಗ್ಗಿ ನನ್ನ ಎದೆಗೇ ಹೊಡೆಯಿತು. ಕೂ ಹಾಕಿದೆ. ಅಬ್ಬಿಯ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಮತ್ತೆ ಹಾಕಿದೆ. ಅಣ್ಣ ಮೇಲೆ ಆರಾಮಾಗಿ ನಿಂತು ಕಂಬಳಿ ಸರಿ ಮಾಡಿಕೊಳ್ಳುತ್ತಿದ್ದ.

ಆಗ ಸೋಮವಾರದ ಪಾಠ ನೆನಪಾಯ್ತು. ಮುಂಗೈ ಎತ್ತಿ, ಬೆರಳು ಮೇಲೆ ಮಾಡಿ ಸುತ್ತಿಸಿದೆ. ಅಣ್ಣ ನನ್ನ ತಲೆಯ ಮೇಲೆ ನೋಡಿದ. ಕಣಜದ ಹುಳ ಎದ್ದಿದೆ ಅಂದುಕೊಂಡನಂತೆ. ಮತ್ತೆ ಸುತ್ತಿಸಿ, ಪೈಪು ತೋರಿಸಿ, ಮತ್ತೆ ಸುತ್ತಿಸಿದೆ. ಮೂರನೇ ಸಲಕ್ಕೆ ಎತ್ತಿದ. ಸಿಕ್ಕಿಸಿ, ತಂತಿ ಬಿಗಿದು, ಬೆರಳು ಕೆಳಗೆ ಮಾಡಿ ಸುತ್ತಿಸಿದೆ. ಒಂದೇ ಏಟಿಗೆ ಅರ್ಥ ಆಯ್ತು, ಮುಳುಗಿಸಿದ. ನನ್ನ ಜೀವನದಲ್ಲಿ ಇಷ್ಟು ಚಿಕ್ಕ ತರಬೇತಿ ಕೊಟ್ಟಿಲ್ಲ. ನಾಲ್ಕನೇ ಮೆಟ್ಟಿಲವರೆಗೆ ಕಣ್ಣಾರೆ ಕಂಡದ್ದೂ ಇದೊಂದೇ. ಪೈಪಿನ ಮೇಲೆ ಕೈ ಇಟ್ಟರೆ ಒಳಗೆ ನೀರು ನಡುಗುತ್ತಾ ಹೋಗೋದು ಗೊತ್ತಾಗುತ್ತಿತ್ತು.

ಕೆಳಗೆ ಬಂದಾಗ ಟ್ಯಾಂಕಿನ ಸದ್ದು ಹಿತ್ತಲಿಗೆಲ್ಲ ಕೇಳುತ್ತಿತ್ತು. ಮೊಣಕಾಲವರೆಗೆ ಕೆಸರು. ಹಾಗೇ ಒಳಗೆ ಕಾಲಿಟ್ಟೆ.

“ಏ! ಈಗಷ್ಟೇ ಒರೆಸಿದ್ದು! ಕಣ್ಣು ಕಾಣಲ್ವಾ ನಿಂಗೆ? ಹಿಂದಿಂದ ಬಾ!” ಅತ್ತಿಗೆ ನೆಲ ಒರೆಸುವ ಬಟ್ಟೆ ಹಿಡಿದು ಕೂಗಿದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ಹಿತ್ತಲಿಗೆ ಸುತ್ತಿ ಹೋಗಿ ಕಾಲು ತೊಳೆದೆ. ಬೆರಳ ಸಂದಿಯಲ್ಲಿ ಎರಡು ಇಂಬಳ ದ್ರಾಕ್ಷಿಯಷ್ಟು ಊದಿ ನೇತಾಡುತ್ತಿದ್ದವು. ಸುಣ್ಣವೆಲ್ಲ ಯಾವಾಗಲೋ ತೊಳೆದು ಹೋಗಿತ್ತು. ಹೊಸಬರಿಗೆ ಒಂದು ಮಾತು: ಎಳೆದು ಕೀಳಬೇಡಿ, ಉಪ್ಪು ಹಾಕಿ, ತಾನೇ ಬಿಡುತ್ತೆ. ರಕ್ತ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ ಅಂತ ಹೆದರಲೂ ಬೇಡಿ.

ಶುಕ್ರವಾರ

ತರಬೇತಿಯ ವರದಿಯನ್ನು ಸಂಜೆಯೊಳಗೆ ಕಳಿಸಬೇಕಿತ್ತು. ನೆಟ್‌ವರ್ಕ್ ಇನ್ನೂ ಇಲ್ಲ. ಆಗುಂಬೆಗೆ ಹೋದರೆ ಸಿಗಬಹುದು ಅಂದ ಅಣ್ಣ. ಅಮ್ಮನೂ ಸ್ವೆಟರ್ ಹಾಕಿಕೊಂಡು ಓಮ್ನಿ ಹತ್ತಿದಳು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಬೆಂಗಳೂರಿಗೆ ಬೀಳುವುದರ ಏಳು ಪಟ್ಟು ಅಂತಿಟ್ಟುಕೊಳ್ಳಿ. ಪೇಟೆಯೇ ಕಾಣಿಸಲಿಲ್ಲ. ಮಂಜಿನೊಳಗಿಂದ ಒಂದು ಅಂಗಡಿ, ಒಂದು ನಾಯಿ, ಕೊಡೆ ಹಿಡಿದ ಒಬ್ಬರು, ಹೀಗೆ ಒಂದೊಂದೇ ಹೊರಗೆ ಬರುತ್ತಿದ್ದವು. ಚಹಾ ಅಂಗಡಿಯಲ್ಲಿ ಕೇಳಿದರೆ “ಇಲ್ಲೂ ಇಲ್ಲ, ಘಾಟಿ ಇಳಿದ್ರೆ ಸಿಕ್ತದೆ” ಅಂದರು. ಸೂರ್ಯಾಸ್ತದ ಜಾಗದಲ್ಲಿ ಕಾಲೇಜು ಹುಡುಗರ ಗುಂಪೊಂದು ಕಟ್ಟೆಗೆ ಒರಗಿ ಬಿಳೀ ಗೋಡೆಯನ್ನು ನೋಡುತ್ತಿತ್ತು. “ನವೆಂಬರ್ ಆದ್ಮೇಲೆ ಬನ್ನಿ” ಅಂದೆ. “ಗೊತ್ತು ಆಂಟಿ, ಸುಮ್ನೆ ಬಂದ್ವಿ” ಅಂದ ಒಬ್ಬ. ಒಳ್ಳೆಯದೇ ಆಯ್ತು. ಆಗುಂಬೆಗೆ ಸುಮ್ನೆ ಬರಬೇಕು.

ಒಂದು ಮೇಲ್ ಕಳಿಸಲು 14 ತಿರುವು ಇಳಿದೆವು. ಪ್ರತಿ ತಿರುವಿಗೂ ನಂಬರಿನ ಫಲಕ ಇದೆ, ಅಮ್ಮ ಜೋರಾಗಿ ಎಣಿಸುತ್ತಿದ್ದಳು. ಮಳೆ ಜೋರಾದರೆ ಈ ಘಾಟಿಯಲ್ಲಿ ದೊಡ್ಡ ಗಾಡಿ ಬಿಡಲ್ಲ, ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಒಂಬತ್ತನೇ ತಿರುವಿನಲ್ಲಿ ಫೋನು ಒಮ್ಮೆ ಟಿಂಗ್ ಅಂತು, ಅಷ್ಟೇ. ಕೆಳಗೆ ಸೋಮೇಶ್ವರಕ್ಕೆ ಬಂದಾಗ ಮಂಜು ಮಾಯ, ಸೆಕೆ, ಅಮ್ಮ ಸ್ವೆಟರ್ ಬಿಚ್ಚಿದಳು. ಫೋನಿಗೆ 86 ಮೆಸೇಜು ಒಟ್ಟಿಗೆ ಬಿದ್ದವು. ವರದಿ ಕಳಿಸಿದೆ. ಮಗಳಿಗೆ ಫೋನ್ ಮಾಡಿದೆ.

“ಎಲ್ಲಿದ್ದೀಯ?”

“ನಮ್ಮನೆಯಿಂದ ಸ್ವಲ್ಪ ಕೆಳಗೆ.”

“ಯಾವ ನಮ್ಮನೆ? ಬೋರ್ಡಲ್ಲಿ ಏನಂತ ಬರೀಲಿ?”

ನಾನು ಯೋಚಿಸುವಷ್ಟರಲ್ಲಿ ಲೈನು ಕಟ್ಟಾಯ್ತು.

ಇಲ್ಲಿವರೆಗೆ ಬಂದು ಬರಿಗೈಲಿ ಹೋಗೋದಾ ಅಂತ ಅಣ್ಣ ಮೀನು ಹುಡುಕಿದ. ಜುಲೈ ಮುಗಿಯುವವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಸಿಕ್ಕಿದ್ದು ಒಣಮೀನು. ಎರಡು ಕಟ್ಟು ತಗೊಂಡ, ಒಂದು ನನಗೆ. ಮತ್ತೆ 14 ತಿರುವು ಹತ್ತಿದೆವು. ಈ ಸಲ ಅಮ್ಮ ಹಿಂದಿನಿಂದ ಎಣಿಸಿದಳು.

ಶನಿವಾರ

ಬೆಳಿಗ್ಗೆ ಇನ್ನೂ ಕತ್ತಲೆ. ಮಾಳಿಗೆ ಮೆಟ್ಟಿಲ ಬುಡದಿಂದ ಅತ್ತಿಗೆಯ ಕೂಗು. “ಏಳೇ! ನಾನು ಹಾಲು ಕರೀಬೇಕು. ಹಂಡೆಗೆ ಉರಿ ಹಾಕು. ಒಣ ಸೋಗೆ ಕೊಟ್ಟಿಗೆ ಅಟ್ಟದಲ್ಲದೆ.”

ಕಣ್ಣುಜ್ಜಿಕೊಂಡು ಇಳಿದೆ. ಸೋಗೆ ಒಣಗಿದ್ದು ಹೆಸರಿಗಷ್ಟೇ. ಊದಿ ಊದಿ ಕಣ್ಣೆಲ್ಲ ಹೊಗೆ. ಉರಿ ಹತ್ತಿದ ಮೇಲೆ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬಚ್ಚಲಿನ ಮಸಿಗೋಡೆಯಲ್ಲಿ ನಾವು ಚಿಕ್ಕವರಿದ್ದಾಗ ಕಡ್ಡಿಯಲ್ಲಿ ಗೀರಿದ ಹೆಸರುಗಳು ಎಷ್ಟು ಮಸಿ ಹಿಡಿದರೂ ಅಡಿಯಲ್ಲಿ ಹಾಗೇ ಇದ್ದವು. ಅತ್ತಿಗೆ ಹಾಲಿನ ಚೊಂಬು ಹಿಡಿದು ಬಂದು ಪಕ್ಕದಲ್ಲಿ ಕಾಫಿ ಇಟ್ಟು ಹೋದರು. ಸ್ಟೀಲ್ ಲೋಟ. ಅಂಚು ಒಂದು ಕಡೆ ನೆಗ್ಗಿತ್ತು. ತಿಂಡಿಗೆ ನಿನ್ನೆಯ ರೊಟ್ಟಿ ಕಾಯಿಸಿದ್ದು, ಕೆಂಪು ಚಟ್ನಿ. “ಬೇರೆ ಎಂತ ಮಾಡ್ಲಿಲ್ಲ” ಅಂದರು. “ಎಂತಕ್ಕೆ ಮಾಡೋದು” ಅಂದೆ.

ಹನ್ನೊಂದರ ಹೊತ್ತಿಗೆ ಮಳೆ ಹೊಳವಾಯ್ತು. ಕೊನೆಗಾರನೂ ಬಂದ! ಅಣ್ಣ ಡ್ರಮ್ಮಿನಲ್ಲಿ ನೀಲಿ ಔಷಧಿ ಕಲಕುತ್ತಾ “ನಿನ್ನ ಬಿಡಕ್ಕೆ ಆಗಲ್ವಲ್ಲನೇ” ಅಂದ. ಬೇಡ, ಹೊಡಿ ಅಂದೆ. ಅಮ್ಮ ರಸ್ತೆವರೆಗೆ ಬಂದಳು. ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದ್ದಳು. ಬಸ್ ತಿರುವಿನಲ್ಲಿ ಕಂಡಾಗ “ಸಾಸಿವೆ ಬಲಗಡೆ ಮೇಲಿನ ಗೂಡಲ್ಲಿ ಇಡ್ತಾಳೆ ಈಗ” ಅಂದಳು.

ರಾತ್ರಿ ಗಾಡಿಯಲ್ಲಿ ಕಾಲು ತುರಿಸಿ ತುರಿಸಿ ನಿದ್ದೆ ಬರಲಿಲ್ಲ. ಇಂಬಳ ಕಚ್ಚಿದ ಜಾಗ ವಾರದವರೆಗೆ ಹೀಗೇ. ಭಾನುವಾರ ಬೆಳಗಿನ ಜಾವ ಫ್ಲಾಟಿನ ಬಾಗಿಲು ತೆಗೆದೆ. ಎಲ್ಲರೂ ಮಲಗಿದ್ದರು. ಬೋರ್ಡಿನಲ್ಲಿ ‘ಅಮ್ಮ: ನಮ್ಮನೆ (ಆ ಕಡೆದು)’ ಅಂತಿತ್ತು. ಕಾಫಿ ಮಾಡೋಣ ಅಂದರೆ ಪುಡಿಯ ಡಬ್ಬಿ ಇದ್ದಲ್ಲಿ ಇಲ್ಲ. ಹುಡುಕುವ ಬದಲು ಬ್ಯಾಗ್ ಬಿಚ್ಚಿದೆ. ಒಣಮೀನಿನ ಕಟ್ಟು ಒಂದು ಕಡೆ ಹರಿದು, ತರಬೇತಿಯ ಹಾಳೆಗಳ ಮಧ್ಯೆ ಆರಾಮಾಗಿ ಮಲಗಿತ್ತು. ಅರವತ್ತು ಪ್ರತಿ. ಮಂಗಳವಾರ ಪುಣೆಯವರಿಗೆ ಇವನ್ನೇ ಹಂಚಬೇಕು. ಬಾಲ್ಕನಿಯಲ್ಲಿ ಒಂದೊಂದಾಗಿ ಕ್ಲಿಪ್ ಹಾಕಿ ನೇತುಹಾಕಿದೆ.